ಬಳ್ಳಾರಿಯಲ್ಲಿ ಸಂಗೀತ ಬರೆಸುವವರು ಬೇಕು

ಕಳೆದ ನವೆಂಬರಿನ ಒಂದು ಮಧ್ಯಾಹ್ನ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಸೇಂಟ್ ಪಾಲ್ಸ್ ಸಭಾಂಗಣದಲ್ಲಿ ಕುಳಿತಿದ್ದೆ. ಒಂದು ಕಾಲದಲ್ಲಿ ಚರ್ಚ್ ಆಗಿದ್ದ ಕಟ್ಟಡ ಅದು. ಈಗ ಅಲ್ಲಿನ ವಿಶ್ವವಿದ್ಯಾಲಯದವರು ಸಂಗೀತಕ್ಕೆ ಬಳಸುತ್ತಾರೆ. ವೇದಿಕೆಯ ಮೇಲೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ. ಮುಂದಿನ ಸಾಲಿನಲ್ಲಿ ಇಪ್ಪತ್ತನಾಲ್ಕರ ಹುಡುಗಿ, ತೊಡೆಯ ಮೇಲೆ ಅವಳೇ ಬರೆದ ಸ್ವರಲಿಪಿಯ ಹಾಳೆಗಳು. ವಿಯೋಲಾದವರು ಥಟ್ಟನೆ ನಿಲ್ಲಿಸಿ ಕೇಳಿದರು: "ಇಲ್ಲಿ ಕಮಾನನ್ನು ಕುದುರೆಯ ಹತ್ತಿರ ಎಳೆಯಲೋ, ಬೆರಳಿನ ಕಡೆಗೆ ತರಲೋ?" ಎರಡನ್ನೂ ನುಡಿಸಿ ತೋರಿಸಿದರು. ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ಪಟ್ಟಿಯ, ಹತ್ತಿರ ತಗಡು ಗೀರಿದಂಥ ಸದ್ದು. ಬೆರಳಿನ ಕಡೆಗೆ ಬಂದಾಗ ಮಲಗಿದ ಮಗುವಿನ ಉಸಿರು. ಹುಡುಗಿ ಕಣ್ಣು ಮುಚ್ಚಿ ಕೇಳಿದಳು, ರಬ್ಬರಿನಿಂದ ಒಂದು ಪದ ಅಳಿಸಿ ಇನ್ನೊಂದು ಬರೆದಳು. ಒಂಬತ್ತು ನಿಮಿಷದ ಸಂಗೀತದ ಮೇಲೆ ಒಂದೂವರೆ ಗಂಟೆ ಹೀಗೆಯೇ ಕೆಲಸ ನಡೆಯಿತು. ಆ ಒಂಬತ್ತು ನಿಮಿಷವನ್ನು ಬರೆಯಲು ಅವಳಿಗೆ ಮುಂಗಡ ಹಣ ಸಂದಿತ್ತು ಎಂಬುದು ಆಮೇಲೆ ತಿಳಿಯಿತು.

ನಾನು ಬಳ್ಳಾರಿಯ ಕೌಲ್ ಬಜಾರಿನವನು. ಆಸ್ಪತ್ರೆಯ ಪ್ರಯೋಗಾಲಯದ ಕೆಲಸ ಹಿಡಿದು ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಹಡರ್ಸ್‌ಫೀಲ್ಡ್ ಲಂಡನ್ ಅಲ್ಲ. ಉಣ್ಣೆಯ ಗಿರಣಿಗಳಿಂದ ಬೆಳೆದ ಊರು, ಜನಸಂಖ್ಯೆಯಲ್ಲಿ ಬಳ್ಳಾರಿಯ ಅರ್ಧದಷ್ಟೂ ಇಲ್ಲ. ಇಂಥ ಊರಿನಲ್ಲಿ 1978ರಿಂದ ಪ್ರತಿ ನವೆಂಬರಿನಲ್ಲಿ ಹೊಸ ಸಂಗೀತದ ಉತ್ಸವ ನಡೆಯುತ್ತದೆ. ಹಳೆಯ ಗಿರಣಿಯೊಂದರ ಶೆಡ್ಡಿನಲ್ಲಿ ಕೂಡ ಕಛೇರಿಗಳಾಗುತ್ತವೆ. ಜೀನ್ಸ್ ಹೊಲಿಯುವ, ಅದಿರು ಸಾಗಿಸುವ ಊರಿನಿಂದ ಬಂದ ನನಗೆ ಮೊದಲ ವರ್ಷ ಆ ಶೆಡ್ಡಿನೊಳಗೆ ಕಾಲಿಟ್ಟಾಗ ಗಂಟಲು ಕಟ್ಟಿತ್ತು. ದುಡಿಮೆಯ ಊರಿಗೆ ಇದೆಲ್ಲ ಯಾಕೆ ಎಂದು ಇಲ್ಲಿ ಯಾರೂ ಕೇಳಲಿಲ್ಲವಲ್ಲ ಎನ್ನಿಸಿತು.

ಚೇಂಬರ್ ಸಂಗೀತ ಎಂದರೆ ಒಂದು ಕೋಣೆಯಲ್ಲಿ ಮೂವರೋ ನಾಲ್ವರೋ ಎದುರುಬದುರಾಗಿ ಕುಳಿತು, ನಾಯಕನಿಲ್ಲದೆ, ಒಬ್ಬರ ಉಸಿರನ್ನು ಇನ್ನೊಬ್ಬರು ನೋಡಿಕೊಂಡು ನುಡಿಸುವುದು. ಈ ಸಂಗೀತದ ವಾದ್ಯಗಾರರು ಎಳೆಯ ಸಂಯೋಜಕರನ್ನು ಹುಡುಕಿ ಬರೆಸುತ್ತಾರೆ. ಎಷ್ಟು ನಿಮಿಷ, ಯಾವ ವಾದ್ಯಗಳು, ಯಾವ ತಿಂಗಳಿಗೆ ಕೈಸೇರಬೇಕು, ಮೊದಲು ಎಲ್ಲಿ ನುಡಿಸುತ್ತೇವೆ ಎಂಬುದೆಲ್ಲ ಒಪ್ಪಂದದ ಕಾಗದದಲ್ಲಿರುತ್ತದೆ. ಒಬ್ಬರಿಂದ ಖರ್ಚು ನೀಗದಿದ್ದರೆ ನಾಲ್ಕೈದು ಸಂಸ್ಥೆಗಳು ಸೇರಿ ಹಂಚಿಕೊಳ್ಳುತ್ತವೆ. ಆಗ ರಚನೆ ನಾಲ್ಕೈದು ಊರುಗಳಲ್ಲಿ ಕೇಳಿಸುವುದೂ ಖಾತ್ರಿಯಾಗುತ್ತದೆ. 1974ರಲ್ಲಿ ಶುರುವಾದ, ನಾಲ್ವರ ತಂತಿವಾದ್ಯ ಮೇಳವಾದ ಆರ್ಡಿಟ್ಟಿ ಕ್ವಾರ್ಟೆಟ್‌ಗಾಗಿ ಹೀಗೆ ನೂರಾರು ರಚನೆಗಳು ಹುಟ್ಟಿವೆ. ಅಮೆರಿಕದ ಕ್ರೋನೋಸ್ ಕ್ವಾರ್ಟೆಟ್ 1973ರಲ್ಲಿ ಮೊದಲ ರಚನೆ ಬರೆಸಿದಾಗ ಸಂಯೋಜಕ ಕೆನ್ ಬೆನ್‌ಶೂಫ್‌ಗೆ ಕೊಟ್ಟ ಸಂಭಾವನೆ ಒಂದು ಚೀಲ ಡೋನಟ್. ಅದೇ ತಂಡ ಈಗ ಸಾವಿರ ದಾಟಿದೆ. ಇನ್ನೂ ಹಿಂದೆ ಹೋದರೆ, 1822ರಲ್ಲಿ ರಷ್ಯಾದ ಗಲಿಟ್ಸಿನ್ ಎಂಬ ರಾಜಕುಮಾರ, ಮೂವತ್ತೂ ತುಂಬದವನು, ಒಂದೋ ಎರಡೋ ಮೂರೋ ಕ್ವಾರ್ಟೆಟ್, ಅಂದರೆ ಅಂಥ ನಾಲ್ವರು ನುಡಿಸುವ ರಚನೆ, ಬರೆದುಕೊಡಿ ಎಂದು ಬೀಥೋವನ್‌ಗೆ ಕಾಗದ ಹಾಕಿದ. ಒಂದಕ್ಕೆ ಐವತ್ತು ಡುಕಾಟ್ ಎಂದು ಮಾತಾಯಿತು. ಆ ಹಣ ಪೂರ್ತಿ ಸಂದದ್ದು ಬೀಥೋವನ್ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. ಆದರೆ ಆ ಕಾಗದ ಹೋಗದಿದ್ದರೆ ಅವನ ಕೊನೆಯ ಕ್ವಾರ್ಟೆಟ್‌ಗಳು ನಮಗೆ ಸಿಗುತ್ತಿದ್ದವೋ ಇಲ್ಲವೋ.

ಅಲ್ಲಿಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಕೇಳಿದ ಹೊಸ ರಚನೆಗಳಲ್ಲಿ ಅನೇಕ ನನ್ನ ಮನಸ್ಸಿಗೆ ಇಳಿದಿಲ್ಲ. ಮೊದಲ ಪ್ರದರ್ಶನಕ್ಕೆ ಸಿಗುವ ಸಡಗರ ಎರಡನೆಯದಕ್ಕೆ ಸಿಗುವುದಿಲ್ಲ. ಒಂದೇ ಸಲ ಕೇಳಿಸಿ ಕಪಾಟು ಸೇರಿದ ಹಾಳೆಗಳ ರಾಶಿ ದೊಡ್ಡದು.

ಈಗ ನಮ್ಮ ಕಡೆಯ ಒಂದು ರಾತ್ರಿ. ಕಳೆದ ವರ್ಷ ರಜೆಗೆ ಬಂದಾಗ ಸಂಡೂರಿನ ಹತ್ತಿರ ಒಂದು ಆರತಕ್ಷತೆಗೆ ಹೋಗಿದ್ದೆ. ಊಟದ ಪಂಕ್ತಿ ನಡೆದಿತ್ತು. ಮೂಲೆಯಲ್ಲಿ ಪಿಟೀಲಿನ ಹುಡುಗನೊಬ್ಬ, ಇಪ್ಪತ್ಮೂರು ವರ್ಷ. ಪಕ್ಕದಲ್ಲಿ ಕೊಪ್ಪಳ ಕಡೆಯ ವಯಸ್ಸಾದ ಶಹನಾಯಿ ವಾದಕರು, ಕರಡಿ ಮಜಲು ವಾದ್ಯಮೇಳದ ಮನೆತನದವರು. ಇನ್ನೊಬ್ಬ ಢೋಲಕ್ ಹಿಡಿದಿದ್ದ. ಸಿನಿಮಾ ಹಾಡುಗಳ ನಡುವೆ ಅವರು ಎಂಟು ನಿಮಿಷ ಬೇರೇನೋ ನುಡಿಸಿದರು. ಶಹನಾಯಿ ಹಿಂದುಸ್ತಾನಿಯ ಮಾಲಕಂಸ್ ರಾಗ ಹಿಡಿಯಿತು. ಕೋಮಲ ಧೈವತಕ್ಕೆ ಮೀಂಡಿನಲ್ಲಿ ನಿಧಾನ ಜಾರಿ ಬಂದು ಅಲುಗದೆ ನಿಂತಿತು. ಅದೇ ಸ್ವರವನ್ನು ಪಿಟೀಲು ಕರ್ನಾಟಕ ಸಂಗೀತದ ಹಿಂದೋಳ ರಾಗದ ಗಮಕದಲ್ಲಿ ತೂಗಿ ತೂಗಿ ಎತ್ತಿಕೊಂಡಿತು. ಐದೇ ಸ್ವರ, ಎರಡೂ ಕಡೆ ಅವೇ ಐದು. ಆದರೆ ಸಾಕಿದ ಮನೆಗಳು ಬೇರೆ. ಬಳ್ಳಾರಿ 1953ರವರೆಗೆ ಮದ್ರಾಸಿನ ಜೊತೆಗಿತ್ತು, ಕೊಪ್ಪಳ–ರಾಯಚೂರು 1956ರವರೆಗೆ ಹೈದರಾಬಾದಿನ ಜೊತೆಗೆ. ಆ ಗಡಿಗೆರೆ ಭೂಪಟದಿಂದ ಅಳಿಸಿಹೋಗಿ ಏಳು ದಶಕವಾದರೂ ನಮ್ಮ ಕಿವಿಗಳಲ್ಲಿ ಉಳಿದಿದೆ. ಅದನ್ನು ಸಂಗೀತವಾಗಿಸಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆ ರಾತ್ರಿ, ಪಲ್ಯ ಬಡಿಸುವವರ ಗದ್ದಲದ ನಡುವೆ.

ಎಂಟು ನಿಮಿಷಕ್ಕೆ ಯಾರೋ ಬಂದು ಹಾಡು ನುಡಿಸಿರಪ್ಪಾ ಎಂದರು. ಮದುವೆಯವರ ತಪ್ಪು ಎನ್ನಲಾರೆ, ಅವರು ಕರೆಸಿದ್ದೇ ಅದಕ್ಕೆ. ಆಮೇಲೆ ಹುಡುಗನನ್ನು ಮಾತನಾಡಿಸಿದೆ. ಹೆಸರೇನು ಈ ರಚನೆಗೆ ಎಂದರೆ ಹೆಸರಿಟ್ಟಿಲ್ಲ ಎಂದ. ಬರೆದಿಟ್ಟಿದ್ದೀಯಾ ಎಂದರೆ ಲೆಕ್ಕದ ಪುಸ್ತಕದ ಹಿಂದಿನ ಪುಟ ತೋರಿಸಿದ. ಸರಿಗಮಗಳ ನಾಲ್ಕು ಸಾಲು, ಪಕ್ಕದಲ್ಲಿ ಬಾಡಿಗೆಯ ಲೆಕ್ಕ. "ಇದನ್ನು ಮಾಡು ಎಂದು ಯಾರೂ ಕೇಳಿರಲಿಲ್ಲ ಅಣ್ಣಾ," ಎಂದ.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನಾವು ನುಡಿಸಿದ್ದಕ್ಕೆ ದುಡ್ಡು ಕೊಡುತ್ತೇವೆ, ಹಾಡಿದ್ದಕ್ಕೆ ಶಾಲು ಹೊದಿಸುತ್ತೇವೆ. ಕಟ್ಟಿದ್ದಕ್ಕೆ ಏನೂ ಇಲ್ಲ. ಕಟ್ಟಿಕೊಡು ಎಂದು ಕೇಳುವ ರೂಢಿಯೇ ಇಲ್ಲ. ಆದರೆ ಈ ರೂಢಿ ನಮ್ಮ ಮಣ್ಣಿಗೆ ಹೊಸದೇ? ಹಂಪಿಯ ಶಾಸನವೊಂದರಲ್ಲಿ ಲಕ್ಷ್ಮೀಧರಾಮಾತ್ಯನ ತಾಯಿ ಹಾಲೂಡಿಸುವಾಗಲೇ ಮಗುವಿನ ಕಿವಿಯಲ್ಲಿ "ಕೆರೆಯಂ ಕಟ್ಟಿಸು, ಬಾವಿಯಂ ಸವೆಸು, ದೇವಾಗಾರಮಂ ಮಾಡಿಸು" ಎಂದು ಹೇಳಿಕೊಟ್ಟಳಂತೆ. ಎಲ್ಲವೂ ಕಟ್ಟಿಸು, ಮಾಡಿಸು. ಕೈಯಿಂದ ಮಾಡುವವನು ಒಬ್ಬ, ಮಾಡಿಸುವವನು ಇನ್ನೊಬ್ಬ, ಇಬ್ಬರೂ ಇದ್ದರೇ ಕೆರೆ. ಇಷ್ಟು ಸೊಗಸಾದ ಕ್ರಿಯಾಪದ ನಮ್ಮ ಭಾಷೆಯಲ್ಲಿದೆ. ಸಂಗೀತದ ವಿಷಯಕ್ಕೆ ಬಂದಾಗ ಮಾತ್ರ ಅದನ್ನು ಮರೆತಿದ್ದೇವೆ. ಮೈಸೂರಿನ ಜಯಚಾಮರಾಜ ಒಡೆಯರು ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ಸಂಯೋಜಕ ಮೆಟ್ನರ್‌ನ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. ಇಂಗ್ಲೆಂಡಿನ ಸಂಗೀತಪ್ರಿಯರಿಗೆ ಈ ಕಥೆ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. ನಿಮ್ಮೂರಲ್ಲಿ ಈಗ ಯಾರು ಬರೆಸುತ್ತಾರೆ ಎಂದು ಅವರು ಕೇಳಿದಾಗ ಸುಮ್ಮನಾಗುತ್ತೇನೆ.

ಊರಿನ ಗೆಳೆಯರೊಡನೆ ಇದನ್ನು ಮಾತನಾಡಿದಾಗ ಎರಡು ಆಕ್ಷೇಪಗಳು ಬಂದವು, ಎರಡೂ ತೂಕದವು. ಮೊದಲನೆಯದು ರಾಯಚೂರಿನ ಗೆಳೆಯನದು. ವಿಜಯದಾಸರು, ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಯಾರ ಹಣ ಪಡೆದು ಪದ ಕಟ್ಟಿದರು? ಮಧುಕರ ವೃತ್ತಿಯವರು ಅವರು; ಸಂಗೀತಕ್ಕೆ ಬೆಲೆ ಕಟ್ಟುವುದು ನಮ್ಮ ನೆಲದ ಗುಣವಲ್ಲ ಎಂದ. ದಾಸರ ಪದ ಕೇಳಿಯೇ ಬೆಳೆದ ನನಗೆ ಇದು ತಟ್ಟಿತು. ಆದರೆ ದಾಸರಿಗೆ ಭಿಕ್ಷೆ ನೀಡುವ ಮನೆಗಳಿದ್ದವು, ಕಲಿತು ಹಾಡುವ ಶಿಷ್ಯರಿದ್ದರು, ಕೊನೆಯ ಸಾಲಿನ ಅಂಕಿತ ನೋಡಿ ಇದು ಇಂಥವರದು ಎಂದು ಗುರುತಿಸುವ ಊರುಗಳಿದ್ದವು. ಆ ಪಿಟೀಲಿನ ಹುಡುಗನಿಗೆ ಈ ಮೂರರಲ್ಲಿ ಒಂದೂ ಇಲ್ಲ. ವೈರಾಗ್ಯ ದಾಸರು ತಾವೇ ಆರಿಸಿಕೊಂಡದ್ದು. ಅವನ ಬಡತನ ಅವನ ಆಯ್ಕೆಯಲ್ಲ.

ಎರಡನೆಯದು ಇನ್ನೂ ಆಳದ್ದು. ನಮ್ಮಲ್ಲಿ ಸಂಯೋಜಕ ಬೇರೆ, ನುಡಿಸುವವ ಬೇರೆ ಎಂಬುದಿಲ್ಲ. ಬಂದಿಶ್, ಅಂದರೆ ಮೊದಲೇ ಕಟ್ಟಿಟ್ಟ ರಚನೆ, ಬರೀ ಬೀಜ, ಮರ ಬೆಳೆಯುವುದು ವೇದಿಕೆಯ ಮೇಲೆ. ಇದು ನಿಜ. ಹಾಗಾಗಿ ಹಡರ್ಸ್‌ಫೀಲ್ಡಿನ ಪದ್ಧತಿಯನ್ನು ಹಾಗೆಯೇ ಎತ್ತಿ ತಂದರೆ ನಮ್ಮಲ್ಲಿ ಬೇರೂರುವುದಿಲ್ಲ. ಪ್ರತಿ ಸ್ವರವನ್ನೂ ಹಾಳೆಯ ಮೇಲೆ ಕಟ್ಟಿಹಾಕುವುದು ನಮಗೆ ಬೇಡ. ಆದರೆ ಮೂರು ವಾದ್ಯಗಳು ಕೂಡುವಾಗ ಯಾರು ಯಾವಾಗ ಬಿಡಬೇಕು, ಯಾವ ತಿರುವಿನಲ್ಲಿ ಮೂವರೂ ಒಟ್ಟಿಗೆ ಇಳಿಯಬೇಕು, ಎಲ್ಲಿ ಒಬ್ಬನಿಗೇ ಬಯಲು ಬಿಟ್ಟುಕೊಡಬೇಕು ಎಂಬುದನ್ನು ಯಾರಾದರೂ ಕುಳಿತು ಯೋಚಿಸಲೇಬೇಕು. 1952ರಲ್ಲಿ ಆಕಾಶವಾಣಿ ದೆಹಲಿಯಲ್ಲಿ ವಾದ್ಯವೃಂದ ಕಟ್ಟಿ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ಕೈಗೆ ಕೊಟ್ಟದ್ದು ಇಂಥದೇ ಯೋಚನೆಯಿಂದ. ಅದು ದೊಡ್ಡ ಮೇಳ, ರಾಜಧಾನಿಯ ಕೆಲಸ. ನಾನು ಕೇಳುತ್ತಿರುವುದು ಮೂವರ ಮೇಳ, ಹನ್ನೆರಡು ನಿಮಿಷ. ಅರ್ಧ ಕಟ್ಟಿದ್ದು, ಅರ್ಧ ಬಿಟ್ಟದ್ದು. ಸ್ವರಲಿಪಿ ಬಾರದ ಶಹನಾಯಿಯವರಿಗೆ ಎದುರು ಕುಳಿತು ಬಾಯಲ್ಲಿ ಹೇಳಿಕೊಟ್ಟರೆ ಸಾಕು; ಆ ದಿನಗಳ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಬೇಕು, ಅಷ್ಟೇ.

ಹಣ ಎಲ್ಲಿಂದ ಎಂಬುದು ನನ್ನ ಮಟ್ಟಿಗೆ ಸುಲಭದ ಪ್ರಶ್ನೆ. ಉಕ್ಕು, ಅದಿರು, ಚಿನ್ನ, ಭತ್ತ, ವಿದ್ಯುತ್ತು, ಜೀನ್ಸ್ ಎಲ್ಲವೂ ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರು ಜಿಲ್ಲೆಗಳಿಂದ ಹೊರಗೆ ಹೋಗುತ್ತವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಎಂಬ ಪಟ್ಟಿಯಲ್ಲಿ ಕಲೆ ಮತ್ತು ಸಂಸ್ಕೃತಿ ಸ್ಪಷ್ಟವಾಗಿ ಸೇರಿದೆ. ನಮ್ಮ ಕಡೆಯ ಉತ್ಸವದ ಒಂದು ರಾತ್ರಿಯ ಬೆಳಕಿನ ಖರ್ಚಿನಲ್ಲಿ ಹತ್ತು ರಚನೆ ಬರೆಸಬಹುದು ಎಂಬುದು ನನ್ನ ಅಂದಾಜು. ಬಳ್ಳಾರಿಯ ರಾಘವ ಕಲಾಮಂದಿರ, ರಾಯಚೂರಿನ ಸಿದ್ದರಾಮ ಜಂಬಲದಿನ್ನಿ ರಂಗಮಂದಿರ, ಕೊಪ್ಪಳದಲ್ಲಿ ಗವಿಮಠದ ಜಾತ್ರೆಗೆ ನೆರೆಯುವ ಜನಸಾಗರ, ಇವೆಲ್ಲ ಇರುವಾಗ ಎರಡನೆಯ, ಮೂರನೆಯ ಪ್ರದರ್ಶನಕ್ಕೆ ಜಾಗ ಹುಡುಕಬೇಕಾಗಿಲ್ಲ. ಇಲ್ಲಿ ನಾವು ಇಂಗ್ಲೆಂಡಿನವರಿಗಿಂತ ಮೇಲು.

ಕಂಪನಿಗಳು ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ನಾವು ಐವರು ಬಳ್ಳಾರಿಯವರು, ಇಬ್ಬರು ಇಂಗ್ಲೆಂಡಿನಲ್ಲಿ, ಉಳಿದವರು ಪುಣೆ, ಮಸ್ಕತ್, ಹೈದರಾಬಾದಿನಲ್ಲಿ, ತಲಾ ಆರು ಸಾವಿರ ರೂಪಾಯಿ ಹಾಕಿದೆವು. ಮದುವೆ ಮನೆಯಲ್ಲಿ ಮುಯ್ಯಿ ಬರೆಸುವ ಹಾಗೆ ಒಂದು ಪುಸ್ತಕದಲ್ಲಿ ಐದು ಹೆಸರು ಬರೆದೆವು. ಹುಡುಗನಿಗೆ ಕಾಗದ ಹೋಯಿತು: ಹನ್ನೆರಡು ನಿಮಿಷ, ಪಿಟೀಲು, ಶಹನಾಯಿ, ಢೋಲಕ್. ಅರ್ಧ ಈಗ, ಅರ್ಧ ಯುಗಾದಿಗೆ. ಮೂರು ಊರುಗಳಲ್ಲಿ ಮೂರು ಸಲ ನುಡಿಸಬೇಕು. ಹೆಸರು ಅವನೇ ಇಡಬೇಕು, ಹಕ್ಕು ಅವನದೇ.

ಹೋದ ವಾರ ಅವನು ನಲವತ್ತು ಸೆಕೆಂಡಿನ ಧ್ವನಿಮುದ್ರಿಕೆ ಕಳಿಸಿದ. ಶಹನಾಯಿಯವರ ಮನೆಯ ಪಡಸಾಲೆ ಇರಬೇಕು, ಹಿಂದೆ ಎಲ್ಲೋ ರೊಟ್ಟಿ ಬಡಿಯುವ ಸದ್ದು. ಶಹನಾಯಿ ಧೈವತಕ್ಕೆ ಜಾರಿ ಬಂದು ನಿಲ್ಲುತ್ತದೆ. ಪಿಟೀಲು ಇನ್ನೂ ಎತ್ತಿಕೊಂಡಿಲ್ಲ. ಅಲ್ಲಿಗೆ ಅವನ ದನಿ ಬರುತ್ತದೆ: "ಅಣ್ಣಾ, ಇಲ್ಲಿ ನಾನು ಸ್ವರ ಅಲುಗಿಸಲೋ, ಅವರ ಹಾಗೆ ಸುಮ್ಮನೆ ನಿಲ್ಲಿಸಲೋ?" ಎರಡನ್ನೂ ನುಡಿಸಿ, ಅವರಿಗೇ ಕೇಳಿಸು ಎಂದು ಬರೆದಿದ್ದೇನೆ.