ನಡು ದಪ್ಪ ಆಗೈತಿ

ಹೋದ ಬ್ಯಾಸಗಿಯೊಳಗ ನಮ್ಮನ್ಯಾಗ ಎರಡು ದಿನ ಬರೇ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಮಾತಿಲ್ಲ ಕತಿಯಿಲ್ಲ. ಮೂರನೇ ದಿನ ಗೊತ್ತಾತು, ಹೆಂಡ್ತಿ ಅಂಗಿ ಒಗಿಯೋ ಮುಂದ ಕಿಸೇದಾಗ ಒಂದು ಚೀಟಿ ಸಿಕ್ಕಿತ್ತಂತ, ನನ್ನ ಕೈಬರಹ, ಕೆಂಪು ಪೆನ್ನು: "ಮೊದಲು ಛಂದ ಇತ್ತು. ಬರಬರ್ತಾ ನಡು ದಪ್ಪ ಆಗೈತಿ, ಕರಗಿಸಬೇಕು. ಮಾತು ಜಾಸ್ತಿ. ಕೊನೀಗೆ ಬಿಟ್ಟುಬಿಡೋದ ಛಲೋ." ಮದುವಿಯಾಗಿ ಹದಿನಾಲ್ಕು ವರ್ಷ ಆದ ಹೆಣ್ಣುಮಗಳು ಇದನ್ನ ಓದಿ ಬರೇ ಪಲ್ಯ ಬಂದ್ ಮಾಡಿದ್ಲು ಅಂದ್ರ ನನ್ನ ಪುಣ್ಯ ಅನ್ಬೇಕು. ಅದು ಕುಷ್ಟಗಿ ಹುಡುಗನ ಕತಿ ಬಗ್ಗೆ ಬರದದ್ದು ಮಾರಾಯ್ತಿ ಅಂದ್ರ ನಂಬಲಿಲ್ಲ. ಕಡೀಕ ಆ ಹುಡುಗನ ಕೈಲೇ ಫೋನ್ ಮಾಡಿಸಿ "ಹೌದ್ರಿ ಅಕ್ಕಾರ, ದಪ್ಪ ಆಗಿದ್ದು ನನ್ನ ನಡು" ಅಂತ ಹೇಳಿಸಿದ ಮ್ಯಾಲೆ ಬದನಿಕಾಯಿ ಪಲ್ಯ ಬಂತು.

ಆಗಿದ್ದಿಷ್ಟ. ಕೊಪ್ಪಳದಾಗ ನಂದೊಂದು ಬೀಜ ಗೊಬ್ಬರದ ಅಂಗಡಿ, ಗಿರಾಕಿ ಇಲ್ಲದಾಗ ಕತಿ ಬರೀತೀನಿ, ಪತ್ರಿಕೆಗೆ ಕಳಿಸ್ತೀನಿ, ಅವರು ವಾಪಸ್ ಕಳಿಸ್ತಾರ. ಐತವಾರ ಸಂಜಿಕ ಐದಾರು ಮಂದಿ ಮಿರ್ಚಿ ಬಂಡಿ ಹಿಂದಿನ ಕಟ್ಟಿ ಮ್ಯಾಲೆ ಕುಂತು ಕತಿ ಓದೋದು ರೂಢಿ, ನಡುವ ಒಬ್ಬರು ರಿಟೈರ್ಡ್ ಮಾಸ್ತರು. ಅವರು ನನ್ನ ಹತ್ತು ಕತಿ ಕೇಳಿ ಸಾಕಾಗಿ ಒಂದಿನ ಅಂದ್ರು, "ಮೂರು ತಿಂಗಳು ನೀ ಬರೀಬ್ಯಾಡ. ಇವರದ್ದು ಓದು. ಎಲ್ಲಿ ಬ್ಯಾಸರಾತು, ಯಾಕ ಬ್ಯಾಸರಾತು ಅಷ್ಟ ಬರಕೊಂಡು ಬಾ. 'ಛಲೋ ಐತಿ' ಅಂತ ಬರದ್ರ ಆ ವಾರದ ಮಿರ್ಚಿ ಬಿಲ್ ನಿಂದು."

ಮಂದಿ ತಪ್ಪು ಹುಡುಕಾಕ ಯಾರಾದ್ರೂ ಒಲ್ಲೆ ಅಂತಾರೇನ್ರಿ, ಅವತ್ತ ಕೆಂಪು ಪೆನ್ನು ಒಂದು ಡಜನ್ ತಂದೆ. ಮೊದಲನೇ ವಾರ ಕುಷ್ಟಗಿ ಹುಡುಗನ ಕತಿ ಕೆಳಗ ದೊಡ್ಡದಾಗಿ "ಬರವಣಿಗೆಯಲ್ಲಿ ಆಳ ಸಾಲದು" ಅಂತ ಬರದೆ. ಹುಡುಗ ಓದಿ ಭಾಳ ಮರ್ಯಾದಿಲೇ ಕೇಳಿದ, "ಇನ್ನೂ ಎಷ್ಟು ಫೂಟ್ ಕೊರೀಬೇಕ್ರಿ?" ಅವರ ಹೊಲದಾಗ ಹಿಂದಿನ ತಿಂಗಳ ಬೋರ್ ಫೇಲಾಗಿತ್ತು, ಹಂಗಾಗಿ ಅವನಿಗೆ ಆಳ ಅಂದ್ರ ಲೆಕ್ಕ. ನನ್ನ ಕಡೆ ಲೆಕ್ಕ ಇರಲಿಲ್ಲ. ಖರೇ ಹೇಳ್ಬೇಕಂದ್ರ ಆ ಕತಿ ನಾ ಪೂರ್ತಿ ಓದೇ ಇರಲಿಲ್ಲ, ಆಳ ಸಾಲದು ಅನ್ನೋದು ಓದದವರು ಬರೆಯೋ ಮಾತು, ಅದು ಯಾವ ಕತಿಗಾದ್ರೂ ಕೂಡ್ತೈತಿ, ನನ್ನ ಕತಿಗೆ ಪತ್ರಿಕೆಯವರು ಬರದದ್ದೂ ಅದ.

ಮನಿಗೆ ಹೋಗಿ ಮತ್ತೊಮ್ಮೆ ಓದಿದೆ. ನಾಯಕ ಬಸ್‌ಸ್ಟ್ಯಾಂಡಿಗೆ ಹೋಗೋದು ಎರಡು ಪುಟ, ದಾರ್‍ಯಾಗ ನಾಯಿ, ಕಟಿಂಗ್ ಶಾಪು, ಮಾವನ ಮಗಳ ನೆನಪು, ಬಸ್ ಬರೋದ್ರಾಗ ನನಗ ನಿದ್ದಿ. ಆಗ ಸಿಕ್ತು ನೋಡ್ರಿ ಹಿಡಿಯಾಕ ಜಾಗ. ಮುಂದಿನ ಐತವಾರ ಹೇಳಿದೆ, "ತಮ್ಮಾ, 2018ರಾಗ ಯೂರಿಯಾ ಚೀಲ 50 ಕೆಜಿಯಿಂದ 45ಕ್ಕ ಇಳೀತು. ಅದಕ್ಕ ಯಾವ ಬೆಳಿಯೂ ಸತ್ತಿಲ್ಲ. ನೀನೂ ಒಂದೈದು ಕೆಜಿ ಇಳಸು, ಅದೂ ಬಸ್‌ಸ್ಟ್ಯಾಂಡ್ ದಾರ್‍ಯಾಗ." ಹುಡುಗ ಇಳಿಸಿದ. ಮಾಸ್ತರು ನನ್ನ ಕಡೆ ನೋಡಿ ಒಂದು ಮಿರ್ಚಿ ಸರಿಸಿದ್ರು, ಅವರ ಲೆಕ್ಕದಾಗ ಅದು ಪ್ರಶಸ್ತಿ.

ಆದ್ರ ಸೊಕ್ಕು ಬಂತಲ್ಲ. ಲಿಂಗಸುಗೂರು ಕಡೆಯವರೊಬ್ಬರ ಕತಿಯೊಳಗ, 'ಇದೆ' ಅನ್ನೋದಕ್ಕ ಅವರ ಕಡೆ ಅನ್ನೋ "ಅದ" ಇದ್ದಲ್ಲೆಲ್ಲಾ ಹೊಡದು ಹೊಡದು ನಮ್ಮ "ಐತಿ" ಮಾಡಿಬಿಟ್ಟೆ, ಹಾಳಿ ನೋಡಿದ್ರ ಕೆಂಪು ಗೊಬ್ಬರ ಹೇರಿದಂಗ. ಅವರು ಹಾಳಿ ಮಡಚಿ ಕಿಸೇದಾಗ ಇಟಗೊಂಡು ಎದ್ದ ಬಿಟ್ರು. ಮಾಸ್ತರು ನನಗ ಕವಿರಾಜಮಾರ್ಗದ ಪಾಠ ಹಚ್ಚಿದ್ರು. ಕನ್ನಡದಾಗ ಉಳಿದಿರೋ ಅತೀ ಹಳೇ ಪುಸ್ತಕ, 850ರ ಸುಮಾರಿನದು, ಅದರ ಮೊದಲನೇ ಪರಿಚ್ಛೇದನ ಬರವಣಿಗಿ ದೋಷದ ಬಗ್ಗೆ, ತಿರುಳ್ಗನ್ನಡದ, ಅಂದ್ರ ಅಚ್ಚ ಕನ್ನಡದ, ಊರು ಹೇಳುವಾಗ ನಮ್ಮ ಕೊಪ್ಪಳನೂ 'ಮಹಾಕೋಪಣ ನಗರ' ಅಂತ ಬರ್ತೈತಿ. ಕೇಳಿ ನನಗ ಎದಿ ಉಬ್ಬಿತು, ತಪ್ಪು ಹುಡುಕೋದು ನಮ್ಮೂರಿಗೆ ವಂಶದ ಕಸುಬು ಅಂತಾತು. "ತಡಿ, ಮುಂದ ಕೇಳು," ಅಂದ್ರು. "ಕನ್ನಡದಾಗ ದೇಸಿ ಬ್ಯಾರೆ ಬ್ಯಾರೆ, ಹಿಂಗಾಗಿ ದೋಷ ಇಷ್ಟ ಅಂತ ಎಣಿಸೋದು ವಾಸುಕಿಗೂ ಆಗಂಗಿಲ್ಲ, ಅವನೂ ಬ್ಯಾಸತ್ತು ಹೋಗ್ತಾನ ಅಂತನೂ ಅದರಾಗ ಐತಿ. ವಾಸುಕಿ ಕಡೆ ಆಗದ್ದು ಗೊಬ್ಬರದ ಅಂಗಡಿಯವನಿಗೆ ಆಕ್ಕೈತೇನು?" ಮರುದಿನ ಬಸ್ ಹತ್ತಿ ಲಿಂಗಸುಗೂರಿಗೆ ಹೋಗಿ ಸಾರಿ ಕೇಳಿ ಬಂದೆ, ಅವರು ಊಟ ಹಾಕಿ ಕಳಿಸಿದ್ರು, ಕತಿ ಮಾತ್ರ ಮತ್ತ ತೋರಿಸಲಿಲ್ಲ.

ಎರಡನೇ ತಿಂಗಳಿಗೆ ಇನ್ನೊಂದು. ಒಬ್ಬ ಕಾಲೇಜ್ ಹುಡುಗಿ ಯಲಬುರ್ಗಾದ ಕತಿಯೊಳಗ ಅಡಿಕೆ ತೋಟ, ಜಡಿಮಳಿ, ಹಂಡೆ ಬಿಸಿನೀರು ತಂದಿದ್ಲು. ನಾನು ಜೋರಾಗೇ ನಕ್ಕೆ, ಯಲಬುರ್ಗಾದಾಗ ಜಡಿಮಳಿ ಪಂಚಾಂಗದಾಗ ಮಾತ್ರ ಬರ್ತೈತೆವ್ವಾ ಅಂದೆ. ರಾತ್ರಿ ಯಾಕೋ ಅನುಮಾನ ಬಂದು ಟ್ರಂಕ್ ತಗದು ನನ್ನ ಹಳೇ ಕತಿ ನೋಡ್ತೀನಿ, ಕುಕನೂರಿನ ರೈತ ಸಂಜಿಕ ಅಡಿಕೆ ತೋಟದಾಗ ಕಂಬಳಿ ಹೊದ್ದು ತಿರುಗಾಡಾಕತ್ಯಾನ! ಮೇ ತಿಂಗಳಾಗ! ನಾನು ಅಡಿಕೆ ಗಿಡ ನೋಡಿದ್ದ ಶಿವಮೊಗ್ಗಕ್ಕ ಮದುವಿಗೆ ಹೋದಾಗ, ಅದೂ ಬಸ್ಸಿನ ಕಿಟಕ್ಯಾಗಿಂದ. ಹನ್ನೊಂದು ಕತಿಯೊಳಗ ಏಳು ಸೂರ್ಯ ಹುಟ್ಟೋದ್ರಿಂದನ ಶುರು. ಇನ್ನೊಂದರಾಗ ನಾಯಕಿ ಒಂಬತ್ತು ಸಲ ಅತ್ತಿದ್ಲು, ಎಣಿಸಿದೆ. ಬರೆಯೋ ಮುಂದ ಇದ್ಯಾವ್ದೂ ಕಂಡಿರಲಿಲ್ಲ. ಮಂದಿ ಹಾಳಿ ಮ್ಯಾಲೆ ಎರಡು ತಿಂಗಳು ಕಣ್ಣು ತಿಕ್ಕಿದ ಮ್ಯಾಲೆ ಟ್ರಂಕಿನ್ಯಾಗಿಂದೂ ಕಾಣಾಕತ್ತು. ಮರುದಿನ ಹುಡುಗಿಗೆ ಫೋನ್ ಹಚ್ಚಿ, ನಂದೂ ಒಂದು ತೋಟ ಐತೆವ್ವಾ ಅಂತ ಒಪ್ಪಿಕೊಂಡೆ. "ಎಕರೆ ಎಷ್ಟ್ ಸರ್?" ಅಂದ್ಲು.

ಮೂರು ತಿಂಗಳು ಮುಗೀತು. ಹೊಸ ಕತಿ ಬರದು ಪ್ರಿಂಟ್ ತಗಿಸಿ ಕಟ್ಟಿ ಮ್ಯಾಲೆ ಕೊಟ್ಟೆ, ಗೊಬ್ಬರದ ಅಂಗಡಿ ಕತಿ, ಸೂರ್ಯ ಇಲ್ಲ, ಅಡಿಕೆ ಇಲ್ಲ. ಎಲ್ಲರೂ ಕೈ ಬದಲಿಸಿ ಓದಿದ್ರು, ಯಾರೂ ಏನೂ ಬರೀಲಿಲ್ಲ. ನನಗ ಖುಷಿ. ಮಾಸ್ತರು ಒಂದೊಂದ ಹಾಳಿ ಎತ್ತಿ ಬಂಡಿ ಲೈಟಿಗೆ ಹಿಡಿದು ನೋಡಾಕತ್ತಿದ್ರು. ಒಂದನೇದು ಸ್ವಚ್ಛ. ಎರಡನೇದು ಮೂಲ್ಯಾಗ ಒಂದು ಬೆರಳಿನ ಗುರುತು. ಮೂರನೇದು ಎಣ್ಣಿಯೊಳಗ ಅದ್ದಿದಂಗಾಗಿ ಹಿಂದಿನ ಬಂಡಿ, ಬಾಣಲಿ, ಮಿರ್ಚಿ ಕರಿಯೋ ಹುಡುಗ ಎಲ್ಲಾ ಆರಪಾರ ಕಾಣಾಕತ್ತಿದ್ರು. ನಾಲ್ಕನೇದು ಮತ್ತ ಸ್ವಚ್ಛ. "ಇಲ್ಲಿ ಎಲ್ಲಾರ ಕೈನೂ ಪ್ಲೇಟಿಗೆ ಹೋಗ್ಯಾವ ನೋಡು," ಅಂದು ಆ ಒಂದ ಹಾಳಿ ನನ್ನ ಕೈಗೆ ಕೊಟ್ರು.

ಮನಿಗೆ ಬಂದು ಮೂರನೇದು ತಗದು ಎರಡಕ್ಕ ನಾಲ್ಕು ಜೋಡಿಸಿ ಓದಿದೆ. ಗಂಟು ಸುದ್ದಾ ಕಾಣಲಿಲ್ಲ. ಹೆಂಡ್ತಿ ಬಾಗಿಲಾಗ ನಿಂತು ಎಣ್ಣಿ ಹಾಳಿ ಎರಡು ಬೆರಳಿಲೆ ಎತ್ತಿ ಕಸದ ಬುಟ್ಟಿಗೆ ಹಾಕಿ, "ಯಾರದಿದು ನಡು?" ಅಂತ ಕೇಳಿದ್ಲು.