ಅಣ್ಣನನ್ನೇ ತಮ್ಮ ಅನ್ನುವವರು

ಕುಬ್ಜತೆ ಇರುವ ಮಗುವಿನ ಒಡಹುಟ್ಟಿದವರಿಗೆ ಹೊಟ್ಟೆಕಿಚ್ಚು ಸಹಜ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನ್ನನ್ನು ಕಾಡಿದ್ದು ಅದಲ್ಲ. ನನ್ನ ಅಣ್ಣನಿಗೆ ಅಕಾಂಡ್ರೋಪ್ಲೇಸಿಯಾ, ಅಂದರೆ ಕೈಕಾಲಿನ ಮೂಳೆ ಉದ್ದ ಬೆಳೆಯದೆ ಕುಳ್ಳಾಗಿ ಉಳಿಯುವ ಒಂದು ಬಗೆಯ ಕುಬ್ಜತೆ. ನನಗಿಂತ 4 ವರ್ಷ ದೊಡ್ಡವನು, ಆದರೆ ಎರಡನೇ ಕ್ಲಾಸಿಗೇ ನಾನು ಅವನಿಗಿಂತ ಎತ್ತರ ಆಗಿದ್ದೆ. ಜಮಖಂಡಿ ಸಂತೆಗೆ ಹೋದರೆ ವ್ಯಾಪಾರದವರು ನನ್ನನ್ನೇ ಕೇಳೋರು, "ನಿನ್ನ ತಮ್ಮಗ ಏನ್ ಬೇಕವಾ?" ದುಡ್ಡು ಕೊಡೋನು ಅವನು, ಚಿಲ್ಲರೆ ಮಾತ್ರ ನನ್ನ ಕೈಗೆ. ಅವನು ಸುಮ್ನೆ ನಗುತ್ತಿದ್ದ. ನಾನೇ ಬೇಕಂತಲೇ ಬೆನ್ನು ಬಾಗಿಸಿ ನಡೆಯುತ್ತಿದ್ದೆ. ಇದು ಹೊಟ್ಟೆಕಿಚ್ಚಾ?

ಇನ್ನೊಂದು, "ವಂಶದಿಂದ ಬರುವ ಸಮಸ್ಯೆ" ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅಕಾಂಡ್ರೋಪ್ಲೇಸಿಯಾ ಇರುವ ಸುಮಾರು 80% ಮಕ್ಕಳ ಅಪ್ಪ-ಅಮ್ಮ ಇಬ್ಬರೂ ಎಲ್ಲರಂತೆ ಎತ್ತರದವರೇ. ಜೀನ್‌ನಲ್ಲಿ ಹೊಸದಾಗಿ ಆಗುವ ಬದಲಾವಣೆ ಅದು. ನಮ್ಮ ಕಡೆ ಹೀಗೆ ಅರ್ಧಂಬರ್ಧ ಹೇಳಿದರೆ ತಪ್ಪೆಲ್ಲ ಬೀಳೋದು ತಾಯಿ ಮೇಲೆ. ಬಸುರಿಯಿದ್ದಾಗ ಗ್ರಹಣದ ದಿನ ಅವ್ವ ಹೊರಗೆ ಬಂದಿದ್ದಳು ಅಂತ ಅಜ್ಜಿ ಸಾಯೋ ತನಕ ಅಂದಳು. (ಆ ವರ್ಷ ಗ್ರಹಣ ಇತ್ತೋ ಇಲ್ಲವೋ, ಯಾರೂ ಪಂಚಾಂಗ ತೆಗೆದು ನೋಡಲಿಲ್ಲ!)

ಅತಿಯಾದ ಕಾಳಜಿಯೂ ಇಂಥ ಮಗುವಿಗೆ ಒಳ್ಳೆಯದಲ್ಲ ಅಂತ ಬರೆದದ್ದು ಮಾತ್ರ ನೂರಕ್ಕೆ ನೂರು ನಿಜ. ಹತ್ತನೇ ಕ್ಲಾಸಿನ ತನಕ ಅಪ್ಪ ಅವನನ್ನು ಎತ್ತಿ ಸೈಕಲ್ ಮೇಲೆ ಕೂರಿಸುತ್ತಿದ್ದರು, ಗೆಳೆಯರ ಎದುರಿಗೇ. ಅದನ್ನು ಮುರಿದವಳು ಅವ್ವ. ಒಂದು ದಿನ ಗ್ಯಾಸ್ ಕಟ್ಟೆ ಮುಂದೆ ಗಟ್ಟಿ ಸ್ಟೂಲ್ ತಂದಿಟ್ಟು, "ಇವತ್ತಿಂದ ಚಾ ನೀನ ಮಾಡು" ಅಂದಳು. ಸಕ್ಕರೆ ಜಾಸ್ತಿ ಆಗಿತ್ತು. ಈಗಲೂ ಜಾಸ್ತಿನೇ ಹಾಕುತ್ತಾನೆ.