ತೊಳದ್ರ ಬಣ್ಣ ಹೋಗ್ತೈತೇನು?

ನಾನಿರುವ ಅಡಿಲೇಡ್‌ನಲ್ಲಿ ಎಲೆ ಅಚ್ಚಿನ ರೇಷ್ಮೆಗೆ ಬಹಳ ಮರ್ಯಾದೆ. ಈ ವಿಧಾನವನ್ನು ಹೊರಜಗತ್ತಿಗೆ ಪರಿಚಯಿಸಿದ ಕಲಾವಿದೆ ಇಂಡಿಯಾ ಫ್ಲಿಂಟ್ ಇದೇ ದಕ್ಷಿಣ ಆಸ್ಟ್ರೇಲಿಯಾದವರು. ಒದ್ದೆ ರೇಷ್ಮೆಯ ಮೇಲೆ ನೀಲಗಿರಿ ಎಲೆ ಹರಡಿ, ಕೋಲಿಗೆ ಸುತ್ತಿ, ದಾರ ಬಿಗಿದು, ಒಂದೆರಡು ತಾಸು ಹಬೆಯಲ್ಲಿಡುತ್ತಾರೆ. ಬಿಚ್ಚಿದರೆ ಎಲೆಯ ನರವೂ ಮೂಡಿರುತ್ತದೆ. ರೇಷ್ಮೆಯೂ ಉಣ್ಣೆಯ ಹಾಗೆ ಪ್ರೋಟೀನ್ ನೂಲು, ಬಣ್ಣ ಬೇಗ ಹಿಡಿಯುತ್ತದೆ. ಬೆಳ್ಳಿಬಣ್ಣದ ದುಂಡೆಲೆಯ ನೀಲಗಿರಿಯಾದರೆ ಬಣ್ಣ ಕಚ್ಚಿಸುವ ಪಟಿಕವೂ ಬೇಡ, ಕೇಸರಿಗೆಂಪು ತಾನೇ ಬರುತ್ತದೆ.

ಅಂಥದ್ದೊಂದು ಶಾಲು ಕೊಪ್ಪಳದ ಮನೆಗೆ ಒಯ್ದಿದ್ದೆ. ವೈನಿ ಮುಟ್ಟಿ ನೋಡಿ ಕೇಳಿದ್ದು ಒಂದೇ: "ಚಂದ ಐತಿ, ಖರೆ. ತೊಳದ್ರ ಬಣ್ಣ ಹೋಗ್ತೈತೇನು?"

ಅಡಿಲೇಡ್‌ನಲ್ಲಿ ಹೀಗೆ ಕೇಳಿದರೆ, ಮಾಸುವುದೂ ಚೆಂದವೇ ಅಂತ ನಗುತ್ತಾರೆ. ನಾನು ವೈನಿ ಕಡೆ. ಸೀರೆ ಉಟ್ಟವರು ಬೆವರುತ್ತಾರೆ, ಒಗೆಯುತ್ತಾರೆ, ನಮ್ಮೂರ ಬಿಸಿಲಿಗೆ ಒಣಹಾಕುತ್ತಾರೆ. ಹಳೆಯ ಬಣ್ಣಗಾರರ ಜಾಣತನವೆಲ್ಲ ಇದ್ದದ್ದು ಬಣ್ಣವನ್ನು ಕಟ್ಟಿಹಾಕುವುದರಲ್ಲಿ. ಹತ್ತಿಗೆ ಮೊದಲು ಅಳಲೆಕಾಯಿಯ ಒಗರು ಕುಡಿಸುತ್ತಿದ್ದರು, ಆಮೇಲೆ ಪಟಿಕ, ಕೊನೆಗೆ ಬಣ್ಣ. ಈಗ ನೋಡಿ, ಸುಮ್ನೆ ಅರಿಶಿನದಲ್ಲಿ ಅದ್ದಿ 'ನೈಸರ್ಗಿಕ' ಅಂತ ಚೀಟಿ ಅಂಟಿಸುತ್ತಾರೆ. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ ಅಂತ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ಹಾಗಂತ ಊರಿನದೆಲ್ಲ ಸರಿ ಅನ್ನಲಾರೆ. ಕುಷ್ಟಗಿ ಸೀಮೆಯಲ್ಲಿ ಇಳಕಲ್ ಸೀರೆಯ ಮಗ್ಗಗಳಿವೆ, ದಾಳಿಂಬೆ ತೋಟಗಳೂ ಇವೆ. ಎರಡಕ್ಕೂ ಮಾತುಕತೆಯೇ ಇಲ್ಲ! ದಾಳಿಂಬೆ ಸಿಪ್ಪೆ ಕೆಂಪಗಿದ್ದರೂ ಕೊಡುವುದು ಹಳದಿ. ಪಟಿಕ ಹಾಕಿದ ರೇಷ್ಮೆಗೆ ಒಳ್ಳೆಯ ಹಳದಿ, ಚೂರು ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ತಾಗಿದರೆ ಪಾಚಿ ಬಣ್ಣ. ಸಿಪ್ಪೆಯಲ್ಲೇ ಒಗರಿದೆ, ಹಾಗಾಗಿ ಬಣ್ಣ ಅರಿಶಿನಕ್ಕಿಂತ ಎಷ್ಟೋ ಗಟ್ಟಿ. ಅನ್ನಭೇದಿ ಮಾತ್ರ ಜಾಸ್ತಿ ಆಗಬಾರದು, ರೇಷ್ಮೆ ಪೆಡಸಾಗಿ ಹರಿಯುತ್ತದೆ. ಮತ್ತೆ, ಬಣ್ಣ ಕಾಯಿಸಿದ ಪಾತ್ರೆ ಅಡುಗೆಮನೆಗೆ ವಾಪಸ್ ಹೋಗಬಾರದು. ಗಿಡದ್ದು ಅಂದಾಕ್ಷಣ ಎಲ್ಲವೂ ತಿನ್ನುವಂಥದ್ದಲ್ಲ.

ಇನ್ನೊಂದು ವಿಷಯದಲ್ಲಿ ಅಡಿಲೇಡ್‌ನವರು ನಮಗಿಂತ ಮುಂದಿದ್ದಾರೆ. ಒಂದು ಶಾಲು ಇನ್ನೊಂದರ ಹಾಗಿಲ್ಲ ಅಂತ ಅಲ್ಲಿ ಯಾರೂ ತಕರಾರು ಮಾಡುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಸೆರಗಿನ ಬಣ್ಣ ಒಂಚೂರು ಹೆಚ್ಚುಕಮ್ಮಿಯಾದರೆ ಡಿಫೆಕ್ಟ್, ನೇಕಾರನ ದುಡ್ಡಿಗೆ ಕತ್ತರಿ. ಎಲ್ಲ ಸೀರೆ ಒಂದೇ ಥರ ಬೇಕು ಅಂದರೆ ಅವನು ರಾಸಾಯನಿಕ ಬಣ್ಣವನ್ನೇ ಹಿಡಿಯಬೇಕು. ಬೇರೆ ದಾರಿ ಎಲ್ಲಿದೆ?

ಎಲೆ ಅಚ್ಚಿನವರು ಯಾವ ಊರಿನವರಾದರೂ ಸರಿ, ಮಾರುವ ಮುಂಚೆ ಒಂದು ತುಂಡಿನ ಅರ್ಧಕ್ಕೆ ರಟ್ಟು ಮುಚ್ಚಿ ವಾರಗಟ್ಟಲೆ ಬಿಸಿಲಿಗಿಡಲಿ. ಎರಡೂ ಅರ್ಧಗಳನ್ನು ಗಿರಾಕಿಗೆ ತೋರಿಸಲಿ. ಅಡಿಲೇಡ್‌ನ ಸಂತೆಯಲ್ಲಿ ಒಬ್ಬರಿಗೆ ಇದನ್ನು ಹೇಳಿದೆ. ಅವರು ನಕ್ಕು ಮುಂದಿನ ಗಿರಾಕಿಯತ್ತ ತಿರುಗಿದರು. ವೈನಿ ಆಗಿದ್ದರೆ ಬಿಡುತ್ತಿರಲಿಲ್ಲ.